ಲಾರ್ಸನ್ ಸಾಹೇಬರ ಮೂವರು ಅಜ್ಜಿಯರು

ಕೊಳ್ಳೇಗಾಲದ ಸದಾಶಿವಪ್ಪನ ಮನೆಯಲ್ಲಿ ಕಾಫಿ ಬೇಡ ಅಂದವರು ಅದುವರೆಗೆ ಯಾರೂ ಇರಲಿಲ್ಲ. ಬೇಡ ಅನ್ನುವುದಕ್ಕೆ ಅವನ ಹೆಂಡತಿ ಶಿವರತ್ನಮ್ಮ ಸಮಯವನ್ನೇ ಕೊಡುತ್ತಿರಲಿಲ್ಲ. ಬಂದವರು ಕಾಲು ತೊಳೆದು ಜಗಲಿ ಹತ್ತುವಷ್ಟರಲ್ಲಿ ಲೋಟ ಮುಂದೆ ಬಂದಿರುತ್ತಿತ್ತು. ಹಾಗಾಗಿ ಅಮೆರಿಕದ ಲಾರ್ಸನ್ ಸಾಹೇಬರು ಎರಡು ಕೈ ಜೋಡಿಸಿ ಲೋಟವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಾಗ ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಅವಳ ಅತ್ತೆ ವೀರಮ್ಮನಿಗೆ ರೇಗಿಹೋಯಿತು.

"ಯಾಕಂತ? ನಮ್ಮನೆ ಲೋಟ ಆಗದಂತಾ ಅವರ್ಗೆ?"

"ಅಂಗಲ್ಲ ಅತ್ತೆ," ಅಂದ ಪುಟ್ಟಮಾದಪ್ಪ. ಅವನು ಶಿವರತ್ನಮ್ಮನ ತಮ್ಮ. ಬೇಸಾಯದ ಇಲಾಖೆಯಲ್ಲಿ ಗುಮಾಸ್ತ, ಸಾಹೇಬರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸವೂ ಅವನದೇ. "ಅವರ ಮತದಲ್ಲಿ ಕಾಫಿ ಇಲ್ಲ, ಟೀ ಇಲ್ಲ, ಬೀಡಿ ಇಲ್ಲ. ಹೆಂಡ ಮೊದ್ಲೇ ಇಲ್ಲ."

"ಕಿರಿಸ್ತಾನದವರಲ್ವಾ?"

"ಕಿರಿಸ್ತಾನದವರೇ. ಆದ್ರೆ ಬೇರೆ ಪಂಗಡ. ಮಾರ್ಮನ್ ಅಂತಾರೆ."

"ಅವರಲ್ಲೂ ಒಳಪಂಗಡ ಅದ ಅನ್ನು," ಅಂದಳು ವೀರಮ್ಮ. ಅಷ್ಟಕ್ಕೇ ಆಕೆಯ ಕೋಪ ಅರ್ಧ ಇಳಿದಿತ್ತು. ಶಿವರತ್ನಮ್ಮ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ಸಾಹೇಬರು ಒಂದೇ ಉಸಿರಿಗೆ ಕುಡಿದು ಇನ್ನೊಂದು ಲೋಟ ಕೇಳಿದರು.

ಅದು ಐವತ್ತಮೂರನೇ ಇಸವಿಯ ಮಾಗಿ ಕಾಲ. ಬೆಟ್ಟದ ನೀರನ್ನು ಪೋಲಾಗದಂತೆ ಹೊಲಕ್ಕೆ ಹಾಯಿಸುವ ರೀತಿಯನ್ನು ರೈತರಿಗೆ ತೋರಿಸಿಕೊಡಲೆಂದು ಸರ್ಕಾರ ಸಾಹೇಬರನ್ನು ಕರೆಸಿತ್ತು. ಸರ್ಕಾರಿ ಬಂಗಲೆಯ ಮಾಡು ರಿಪೇರಿಯಲ್ಲಿದ್ದುದರಿಂದ ಆರು ವಾರದ ಮಟ್ಟಿಗೆ ಸದಾಶಿವಪ್ಪನ ಮನೆಯ ಮುಂದಿನ ಕೋಣೆ ಅವರ ಪಾಲಿಗೆ ಬಂತು. ಅಡುಗೆಮನೆಗೆ ಮಾತ್ರ ಅವರ ನೆರಳು ಬೀಳಬಾರದು ಎಂದು ವೀರಮ್ಮ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು.

ಆದರೆ ಆ ಮನೆಯಲ್ಲಿ ಆಗ ಸಾಹೇಬರಿಗಿಂತ ದೊಡ್ಡ ಮಾತೊಂದು ನಡೆಯುತ್ತಿತ್ತು. ಶಿವರತ್ನಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ಎರಡನೆಯವಳು ಹುಟ್ಟಿ ಒಂಬತ್ತು ವರ್ಷ ಕಳೆದಿತ್ತು; ಆಮೇಲೆ ಬಸಿರಾಗಿರಲಿಲ್ಲ. ಮಗನಿಗೆ ಇನ್ನೊಂದು ಮದುವೆ ಮಾಡಬೇಕೆಂದು ವೀರಮ್ಮ ಹಟ ಹಿಡಿದಿದ್ದಳು. ಮಾಂಬಳ್ಳಿಯ ಪುಟ್ಟಬಸಪ್ಪನ ಮಗಳು ರಾಚಮ್ಮನನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡೂ ಆಗಿತ್ತು.

ಮಾಂಬಳ್ಳಿಯೇ ಯಾಕೆಂದರೆ ಅದಕ್ಕೊಂದು ಲೆಕ್ಕಾಚಾರವಿತ್ತು. ಕೊಳ್ಳೇಗಾಲ ಮದರಾಸು ಸರ್ಕಾರದ್ದು. ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದು ಎಂದು ಆ ಸರ್ಕಾರ ನಾಲ್ಕು ವರ್ಷದ ಹಿಂದೆಯೇ ಕಾಯಿದೆ ಮಾಡಿತ್ತು. ಮಾಂಬಳ್ಳಿ ಯಳಂದೂರಿಗೆ ಸೇರಿದ್ದು, ಅಂದರೆ ಮೈಸೂರು ಸೀಮೆ.

"ಗಡಿಕಲ್ಲು ದಾಟಿದ್ರೆ ಯಾವ ಕಾನೂನು?" ಅನ್ನುತ್ತಿದ್ದಳು ವೀರಮ್ಮ. "ತಾಳಿ ಅಲ್ಲಿ ಕಟ್ಟುಸ್ಬುಟ್ಟು ಹೆಣ್ಣ ಇಲ್ಲಿಗೆ ಕರ್ಕಂಡು ಬಂದ್ರಾಯ್ತು."

"ಕಾನೂನು ಕಲ್ಲಿನ ಮೇಲೆ ಕೂತಿರಕಿಲ್ಲ ಅತ್ತೆ," ಅಂದ ಪುಟ್ಟಮಾದಪ್ಪ. "ಈ ಸೀಮೆಯವನು ಎಲ್ಲಿ ಓಗಿ ಕಟ್ಟಿದ್ರೂ ತಪ್ಪು ತಪ್ಪೇ ಅಂತ ವಕೀಲರು ಯೋಳುದ್ರು."

"ನಿಮ್ಮ ವಕೀಲರ ಮನೇಲಿ ಮೊಮ್ಮಗ ಅವ್ನೆ. ಯೋಳ್ತಾರೆ."

ಸದಾಶಿವಪ್ಪ ಇಂಥ ಮಾತು ಎದ್ದಾಗಲೆಲ್ಲ ಮುದ್ದೆ ಮುರಿಯುವುದರಲ್ಲೇ ಮುಳುಗಿರುತ್ತಿದ್ದ. ಕೆಟ್ಟವನಲ್ಲ. ಅವ್ವನಿಗೆ ಎದುರಾಡಿ ಅಭ್ಯಾಸವಿಲ್ಲ, ಹೆಂಡತಿಯನ್ನು ನೋಯಿಸಿ ಅಭ್ಯಾಸವಿಲ್ಲ. ಹಾಗಾಗಿ ಎರಡು ಹೊತ್ತಿನ ಊಟದಲ್ಲೂ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ರೇಷ್ಮೆಹುಳದ ಕೋಣೆಯಲ್ಲಿ ಶಿವರತ್ನಮ್ಮ ಅವನನ್ನು ಹಿಡಿದು ನಿಲ್ಲಿಸಿದಳು. ಹುಳ ಪೊರೆ ಕಳಚುವ ಎರಡನೇ ಜ್ವರದಿಂದ ಎದ್ದಿದ್ದವು. ಎಳೆ ಸೊಪ್ಪು ಹೆಚ್ಚಿ ಹಾಕಬೇಕು. ಅದು ಅವಳ ಕೈಯಿಂದಲೇ ಆಗಬೇಕು. ಆ ಬೀದಿಯಲ್ಲಿ ಅವಳಷ್ಟು ಚೆನ್ನಾಗಿ ಹುಳ ಮೇಯಿಸುವವರು ಇರಲಿಲ್ಲ.

"ನೀವು ಏನಾದ್ರೂ ಒಂದು ಯೋಳಿ," ಅಂದಳು.

"ನಾನು ಬೇಕು ಅಂತ ಎಲ್ಲಿ ಅಂದೆ ರತ್ನ?"

"ಬ್ಯಾಡ ಅಂತ್ಲೂ ಅಂದಿಲ್ಲ."

ಅವನು ಸೊಪ್ಪಿನ ಬುಟ್ಟಿ ಎತ್ತಿ ಇತ್ತಿಂದತ್ತ ಇಟ್ಟ, ಅತ್ತಿಂದಿತ್ತ ಇಟ್ಟ, ಆಮೇಲೆ ತೋಟಕ್ಕೆ ಹೊರಟುಹೋದ.

ಇತ್ತ ಸಾಹೇಬರು ಮನೆಗೆ ಒಗ್ಗುತ್ತಿದ್ದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವುದನ್ನು ನಾಲ್ಕು ದಿನದಲ್ಲಿ ಕಲಿತರು. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸವಿದ್ದು, ತಮ್ಮ ಪಾಲಿನ ಊಟವನ್ನು ಇಲ್ಲದವರಿಗೆ ಕೊಡಿ ಎಂದರು. ಶಿವರತ್ನಮ್ಮ ಅದನ್ನು ಬೀದಿ ಕೊನೆಯ ಗೋವಿಂದಮ್ಮ ಮುದುಕಿಗೆ ಮುಟ್ಟಿಸಿದಳು. ವೀರಮ್ಮ ಮೆಚ್ಚಿದರೂ ತೋರಿಸಿಕೊಳ್ಳಲಿಲ್ಲ.

ಆಮೇಲೊಂದು ದಿನ ಮಡಿವಾಳರ ಹನುಮಯ್ಯ ಬಟ್ಟೆಯ ಗಂಟು ಇಳಿಸುತ್ತ ಹೇಳಿದ: "ಸಾಹೇಬ್ರು ಮೇಲ್ಬಟ್ಟೆ ಎಲ್ಲಾವ ಕೊಡ್ತಾರೆ ಕಣವ್ವ. ಒಳಾಂಗಿ ಮಾತ್ರ ಕೊಡಕಿಲ್ಲ. ಅವರೇ ಒಕ್ಕತ್ತಾರೆ."

ಅದೇನೆಂದು ತಿಳಿಯುವವರೆಗೆ ವೀರಮ್ಮ ಪುಟ್ಟಮಾದಪ್ಪನನ್ನು ಬಿಡಲಿಲ್ಲ. ಅವನು ನಾಚಿಕೊಂಡೇ ಕೇಳಿ ಬಂದ. ತಮ್ಮ ಗುಡಿಯಲ್ಲಿ ದೇವರ ಮುಂದೆ ಮಾತು ಕೊಟ್ಟವರು ಆ ಒಳಾಂಗಿಯನ್ನು ಮೈಮೇಲೆ ಧರಿಸುತ್ತಾರಂತೆ. ಕೊಟ್ಟ ಮಾತು ಮರೆಯದಿರಲಿ ಎಂದು. ಅದನ್ನು ನಾಲ್ಕು ಜನರ ಮುಂದೆ ಆಡುವುದೂ ಇಲ್ಲವಂತೆ.

ವೀರಮ್ಮ ಎದೆಯ ಮೇಲಿದ್ದ ಕರಡಿಗೆಯನ್ನು ಮುಟ್ಟಿಕೊಂಡಳು. ಅದರೊಳಗಿನ ಲಿಂಗ ಆಕೆ ಹುಟ್ಟಿದಂದಿನಿಂದ ಮೈಬಿಟ್ಟು ಹೋಗಿರಲಿಲ್ಲ. "ಅಂಗಾರೆ ಸರಿ ಬುಡು," ಅಂದಳು. "ನಮ್ಮಂಗೇ ದೀಕ್ಷೆ ಆಗದ. ನಾಳಿಂದ ನಡುಮನೇಲೇ ಎಲೆ ಹಾಕವ್ವ ಅವರ್ಗೆ."

ಇದೆಲ್ಲ ಚೆನ್ನಾಗಿಯೇ ಹೋಗುತ್ತಿತ್ತು. ಕೆಡಿಸಿದವನು ಪುಟ್ಟಮಾದಪ್ಪ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಏನೋ ಸ್ವಾರಸ್ಯ ಹೇಳುವ ಹುಮ್ಮಸ್ಸಿನಲ್ಲಿ ಬಾಯಿ ಬಿಟ್ಟ: "ಸಾಹೇಬ್ರ ತಾತಂಗೆ ಮೂರು ಜನ ಹೆಂಡ್ರಂತೆ ಭಾವ! ಅವರ ಮತದಲ್ಲೇ ಇತ್ತಂತೆ."

ಹೇಳಿದ ಮೇಲೆ ಅಕ್ಕನ ಮುಖ ನೋಡಿದ. ಅವರೆಕಾಳಿನ ಸಾರು ಬಡಿಸುತ್ತಿದ್ದ ಸೌಟು ನಿಂತುಬಿಟ್ಟಿತ್ತು.

"ಯಾನಂದೆ?" ವೀರಮ್ಮನ ಕಿವಿ ನಿಮಿರಿತು. "ಕಾಫಿ ಕುಡ್ಯದ, ಹೆಂಡ ಮುಟ್ಟದ, ಉಪಾಸ ಮಾಡೋ ಇಂಥ ಜನರಲ್ಲೇ ಅದ ಅಂದ್ಮೇಲೆ! ಸಂಜೀಕ ಸಾಹೇಬ್ರ ಜಗಲೀಲಿ ಕೂರ್ಸು. ನಾನೇ ಕೇಳ್ತಿನಿ. ನಿಮ್ಮಕ್ಕನ ಕಡೀಕ ತಿರುಚಿಗಿರುಚಿ ಯೋಳೀಯೆ, ಉಷಾರು."

"ಇಲ್ಲ ಅತ್ತೆ, ಮಾದಪ್ಪನಾಣೆ."

ಸಂಜೆ ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಎಲ್ಲರೂ ಕೂತರು. ವೀರಮ್ಮ ಚಾಪೆಯ ಮೇಲೆ, ಸದಾಶಿವಪ್ಪ ಕಂಬಕ್ಕೊರಗಿ, ಶಿವರತ್ನಮ್ಮ ಹೊಸ್ತಿಲೊಳಗೆ ಅವರೆಕಾಯಿ ಸುಲಿಯುತ್ತ. ಸಾಹೇಬರು ಮೆಲ್ಲಗೆ ಹೇಳತೊಡಗಿದರು; ಪುಟ್ಟಮಾದಪ್ಪ ಹಿಂದೆಯೇ ಹೇಳುತ್ತ ಬಂದ.

ಅವರದು ಉಪ್ಪಿನ ದೊಡ್ಡ ಕೆರೆಯೊಂದರ ಹತ್ತಿರದ ಬರಡು ಸೀಮೆ. ಅವರ ಮತದವರು ಬೇರೆಯವರ ಕಾಟ ತಾಳಲಾರದೆ ಗಾಡಿ ಕಟ್ಟಿಕೊಂಡು ಅಲ್ಲಿಗೆ ಬಂದು, ಬೆಟ್ಟದಿಂದ ಕಾಲುವೆ ತೆಗೆದು ಊರು ಕಟ್ಟಿದರು. ತಾತನಿಗೆ ಒಂದೇ ಬೀದಿಯಲ್ಲಿ ಮೂರು ಮನೆ. ಮೂವರು ಹೆಂಡಿರಿಗೂ ಬೇರೆ ಬೇರೆ ಒಲೆ, ಬೇರೆ ಬೇರೆ ಹಸು, ಬೇರೆ ಬೇರೆ ತೋಟ. ತಾತ ತನ್ನ ಬಟ್ಟೆಯ ಗಂಟು ಹೊತ್ತುಕೊಂಡು ವಾರಕ್ಕೊಂದು ಮನೆಗೆ ಹೋಗುತ್ತಿದ್ದ.

"ಪಾಪ, ಗಂಟು ಹೊರೋದೇ ಆಯ್ತು ಅವನ ಬಾಳು," ಅಂದ ಸದಾಶಿವಪ್ಪ. ಅವ್ವ ಅವನತ್ತ ಕಣ್ಣು ಬಿಟ್ಟಳು.

"ನೀವು ಯಾರ ಮೊಮ್ಮಗ?" ಎಂದು ಪುಟ್ಟಮಾದಪ್ಪನಿಂದ ಸಾಹೇಬರನ್ನು ಕೇಳಿಸಿದಳು.

"ಎರಡನೆಯವಳ ಮೊಮ್ಮಗ."

ವೀರಮ್ಮ ತೊಡೆ ತಟ್ಟಿದಳು. "ಕೇಳ್ದ ರತ್ನ? ಆಕೆ ಬರದಿದ್ರೆ ಈ ಪುಣ್ಯಾತ್ಮ ಎಲ್ಲಿರ್ತಿದ್ದ? ನಾನು ಈ ಮನೇಗ ಎರಡ್ನೆಯವಳಾಗಿ ಬರದಿದ್ರೆ ನಿನ್ ಗಂಡ ಎಲ್ಲಿರ್ತಿದ್ದ?"

ಮಾತು ಸುಳ್ಳಲ್ಲ. ಸದಾಶಿವಪ್ಪನ ಅಪ್ಪನ ಮೊದಲ ಹೆಂಡತಿ ಚನ್ನಾಜಮ್ಮನಿಗೆ ಮಕ್ಕಳಾಗದ್ದಕ್ಕೇ ವೀರಮ್ಮನನ್ನು ತಂದದ್ದು. ಹದಿನೆಂಟು ವರ್ಷ ಕಾಲ ಚನ್ನಾಜಮ್ಮನ ಕೈಕೆಳಗೆ ನೀರು ಹೊತ್ತು, ಅವಳು ಎತ್ತಿ ಹಾಕಿದಷ್ಟು ಉಂಡು, ಗಂಡುಮಗುವನ್ನು ಹೆತ್ತ ಮೇಲಷ್ಟೇ ವೀರಮ್ಮನಿಗೆ ಮನೆಯಲ್ಲಿ ಮಾತೆಂಬುದು ಬಂದಿತ್ತು.

"ಈಗ್ಲೂ ಅದಾ ನಿಮ್ಮಲ್ಲಿ?" ಎಂದು ಸದಾಶಿವಪ್ಪ ಕೇಳಿದ.

"ಇಲ್ಲ. ಸರ್ಕಾರ ಕಾಯಿದೆ ಮಾಡಿತು, ತಾತ ಆರು ತಿಂಗಳು ಜೈಲಲ್ಲಿದ್ದ. ಆಮೇಲೆ ನಮ್ಮ ಮಠದ ಹಿರಿಯರೇ ನಿಲ್ಲಿಸಿದರು. ಈಗ ಯಾರಾದರೂ ಎರಡು ಮದುವೆಯಾದರೆ ಮತದಿಂದ ಹೊರಗೆ. ಆದರೆ ಆಗಿಹೋದ ಮದುವೆ ದೇವರ ಮುಂದೆ ಕಟ್ಟಿದ ಗಂಟು. ಸತ್ತ ಮೇಲೂ ಬಿಚ್ಚುವುದಿಲ್ಲ. ಅಲ್ಲಿಯೂ ನಾವು ಒಂದೇ ಸಂಸಾರ."

ವೀರಮ್ಮ ಚಾಪೆಯ ಮೇಲೆ ನೆಟ್ಟಗೆ ಕೂತಳು. "ಸತ್ ಮೇಲೂವಾ? ಮೂರು ಜನ್ವೂ?"

"ಮೂವರೂ."

"ಅಲ್ಲೂ ದೊಡ್ಡವಳು ದೊಡ್ಡವಳೇ ಅಂತಾ?"

ಸಾಹೇಬರು ನಕ್ಕುಬಿಟ್ಟರು. ಅದು ತಮಗೆ ಗೊತ್ತಿಲ್ಲ ಎಂದರು.

"ನಮ್ಮಲ್ಲಿ ಆ ತಾಪತ್ರಯ ಇಲ್ಲ ಅಂತ ಯೋಳು," ವೀರಮ್ಮ ಕರಡಿಗೆ ಹಿಡಿದುಕೊಂಡು ಹೇಳಿದಳು. "ಸತ್ರೆ ಲಿಂಗದಲ್ಲಿ ಒಂದಾಗ್ಬುಡೋದು. ಅಲ್ಲಿ ಗಂಡ ಇಲ್ಲ, ಸವತಿ ಇಲ್ಲ, ಒಲೆ ಇಲ್ಲ. ಚನ್ನಾಜಕ್ಕನ ಜತೆ ಇಲ್ಲಿ ಬಾಳಿದ್ದೇ ಸಾಕು."

ಸಾಹೇಬರು ಹೇಳಿದರು: "ಎಲ್ಲ ಒಂದಾದ ಮೇಲೆ ನನ್ನ ಹೆಂಡತಿಯ ಗುರುತು ನನಗೆ ಸಿಗದೆ ಹೋದರೆ, ಅಂಥ ಸ್ವರ್ಗ ನನಗೆ ಯಾಕಮ್ಮ?"

"ಒಬ್ಬಳೇ ಹೆಂಡ್ತಿ ಇರೋನ್ಗೆ ಅದು ಸರಿ," ಅಂದಳು ವೀರಮ್ಮ.

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಹೊಸ್ತಿಲೊಳಗಿನಿಂದ ಶಿವರತ್ನಮ್ಮ ಮಾತಾಡಿದಳು. ಸಾಹೇಬರನ್ನು ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ತಮ್ಮಯ್ಯ, ಕೇಳು. ಎರಡ್ನೆಯವಳು ಬರೋವಾಗ ದೊಡ್ಡಜ್ಜಿ ಯಾನಂದ್ರಂತೆ?"

ಸಾಹೇಬರ ಮುಖ ಗಂಭೀರವಾಯಿತು. ದೊಡ್ಡಜ್ಜಿಯನ್ನು ಅವರು ಚಿಕ್ಕಂದಿನಲ್ಲಿ ಕಂಡಿದ್ದರು. ಮೊದಲನೆಯವಳನ್ನು ಕೇಳದೆ ಎರಡನೆಯವಳನ್ನು ತರಬಾರದು ಎಂದು ಅವರ ಹಿರಿಯರ ಕಟ್ಟಳೆಯಿತ್ತು. ತಾತ ಕೇಳಿದ್ದ. ದೊಡ್ಡಜ್ಜಿ ಹೂಂ ಅಂದಿದ್ದಳು. "'ಬೇಡ ಅನ್ನುವುದಕ್ಕೆ ನನಗೆ ಜಾಗ ಇರಲಿಲ್ಲ ಕಂದ, ಆದರೂ ಕೇಳಿದರು ಎನ್ನುವುದೊಂದು ಸಮಾಧಾನ' ಅಂತ ದೊಡ್ಡಜ್ಜಿ ನನ್ನ ಹತ್ತಿರ ಹೇಳಿದ್ದಳು. ಯಾರೂ ಏನೂ ಕೇಳದೆ ತಂದು ಬಿಟ್ಟದ್ದು ನನ್ನ ಸ್ವಂತ ಅಜ್ಜಿಯನ್ನು. ಅವಳಿಗೆ ಆಗ ಹದಿನಾರು ವರ್ಷ. ಅವಳ ಅಪ್ಪ ಕೊಟ್ಟ, ಅವಳು ಬಂದಳು."

ಇದನ್ನು ಪುಟ್ಟಮಾದಪ್ಪ ಹೇಳಿ ಮುಗಿಸಿದ ಮೇಲೆ ವೀರಮ್ಮ ತಿರುಚಿದ್ದೀಯ ಎಂದು ಬಯ್ಯಲಿಲ್ಲ. ಎದ್ದು, ದನಕ್ಕೆ ಹುಲ್ಲು ಹಾಕಿಲ್ಲ ಎನ್ನುತ್ತ ಕೊಟ್ಟಿಗೆಯ ಕಡೆ ಹೋದಳು.

ಮಾರನೆಯ ದಿನ ಊಟದ ಹೊತ್ತಿಗೆ ಶಿವರತ್ನಮ್ಮ ಗಂಡನಿಗೆ ಮುದ್ದೆ ಬಡಿಸಿ ಎದುರಿಗೆ ಕೂತಳು.

"ಕೇಳಿ," ಅಂದಳು.

"ಯಾನ ಕೇಳದು?"

"ನನ್ನ ಕೇಳಿ. ಪರದೇಶದವರೇ ಕೇಳಿ ತಂದವ್ರೆ. ನನ್ನ ಯಾರೂ ಕೇಳ್ನಿಲ್ಲ."

ಸದಾಶಿವಪ್ಪ ಅವ್ವನ ಮುಖ ನೋಡಿದ. ವೀರಮ್ಮ, "ಕೇಳ್ಲಾ, ಬಾಯಿ ಸವೆದೋದದಾ?" ಅಂದಳು. ಅವನು ಸಾರಿಗೆ ಹೇಳುವಂತೆ ತಟ್ಟೆ ನೋಡಿಕೊಂಡೇ, "ಮಾಂಬಳ್ಳಿ ಹೆಣ್ಣ ತರಕ್ಕೆ ನಿಂಗೆ ಒಪ್ಗೆಯಾ?" ಅಂದ.

"ಒಪ್ಗೆ."

ಅವನು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದ.

"ಆದ್ರೆ ಸಾಹೇಬ್ರ ತಾತ ಮಾಡಿದಂಗೇ ಆಗ್ಬೇಕು. ಬೇರೆ ಮನೆ, ಬೇರೆ ಒಲೆ. ಹುಳದ ಕೋಣೆ, ಹಿಪ್ಪುನೇರಳೆ ತೋಟ, ಇಬ್ಬರು ಮಕ್ಳು ನನ್ನ ಕಡೀಕ. ಉಳಿದದ್ದೆಲ್ಲ ನಿಮ್ದು. ನೀವು ವಾರಕ್ಕೊಂದ್ಸಲ ಗಂಟು ಹೊತ್ಕಂಡು ಬನ್ನಿ, ಬ್ಯಾಡ ಅನ್ನಕಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅತ್ತೆಮ್ಮ ಯಾವ ಒಲೆ ಊಟ ಮಾಡ್ತಾರೆ ಅಂತ ಅವರೇ ಯೋಳ್ಲಿ."

ಹಲ್ಲಿಲ್ಲದ ವೀರಮ್ಮನಿಗೆ ಮುದ್ದೆ ಎಷ್ಟು ಮೆದುವಾಗಿರಬೇಕು, ಸಾರಿಗೆ ಖಾರ ಎಷ್ಟು ಬೀಳಬೇಕು ಎನ್ನುವುದು ಶಿವರತ್ನಮ್ಮನೊಬ್ಬಳಿಗೇ ಗೊತ್ತಿತ್ತು. ಉಂಡು ಕೈ ತೊಳೆಯುವಾಗ ವೀರಮ್ಮ ಅಂದಳು: "ಶುಕ್ರವಾರ ಹೆಣ್ಣ ನೋಡಿ ಬರಾನ. ನೀನೂ ಬಾ. ನೋಡ್ದಲೇ ಒಪ್ಕಳದು ಯಾವ ಸೀಮೆ ಪದ್ಧತಿ?"

ಇಷ್ಟಾದರೂ ಮುದುಕಿ ಬಿಡಲಿಲ್ಲವಲ್ಲ ಎಂದು ಶಿವರತ್ನಮ್ಮನಿಗೆ ಅನ್ನಿಸಿತು.

ಶುಕ್ರವಾರ ಯಳಂದೂರಿನ ಕಡೆ ಕಾಲುವೆ ನೋಡಲು ಹೊರಟಿದ್ದ ಸಾಹೇಬರ ಜೀಪಿನಲ್ಲಿ ಅತ್ತೆ ಸೊಸೆ ಪುಟ್ಟಮಾದಪ್ಪ ಮೂವರೂ ಕೂತರು. ಗಂಡಸರು ನೋಡುವುದು ಆಮೇಲೆ ಎಂದು ವೀರಮ್ಮ ಮಗನನ್ನು ಮನೆಯಲ್ಲೇ ಬಿಟ್ಟಳು. ಇವರು ಯಾಕೆ ಹೊರಟಿದ್ದಾರೆಂದು ಸಾಹೇಬರಿಗೆ ಹೇಳಲು ಪುಟ್ಟಮಾದಪ್ಪನಿಗೆ ನಾಲಗೆ ಬರಲಿಲ್ಲ. ಮಾಂಬಳ್ಳಿಯಲ್ಲಿ ಇವರನ್ನು ಇಳಿಸಿ ಸಾಹೇಬರು ಮುಂದೆ ಹೋದರು.

ಪುಟ್ಟಬಸಪ್ಪನಿಗೆ ನಾಲ್ವರು ಹೆಣ್ಣುಮಕ್ಕಳು, ರಾಚಮ್ಮ ದೊಡ್ಡವಳು. ಬಂದವರಿಗೆ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಅವನು ತನ್ನ ಗದ್ದೆ ದನಗಳ ಸುದ್ದಿಯನ್ನೆಲ್ಲ ಹೇಳಿದ. ರಾಚಮ್ಮ ಬಾಳೆಹಣ್ಣಿನ ತಟ್ಟೆ ಹಿಡಿದು ಬಂದಳು. ಹದಿನೇಳು ವರ್ಷವಿರಬಹುದು. ಗಟ್ಟಿಮುಟ್ಟಾದ ಕೈ, ಬಗ್ಗಿದ ತಲೆ. ತಟ್ಟೆಯನ್ನು ಮೊದಲು ಶಿವರತ್ನಮ್ಮನ ಮುಂದಿಟ್ಟು, ಇವರು ಯಾರೆಂದು ಹೊಳೆದು, ಕೈ ಹಿಂದಕ್ಕೆ ತೆಗೆದುಕೊಂಡಳು.

"ನಮ್ಮ ಸೊಸೆ," ಅಂದಳು ವೀರಮ್ಮ. "ಕೂತ್ಕ ಮಗ. ಮುದ್ದೆ ತಿರುವಕ್ಕೆ ಬರ್ತದಾ?"

"ಬತ್ತದ."

"ಹುಳ ಮೇಯ್ಸಿದ್ದೀಯಾ?"

"ಇಲ್ಲ. ಕಲೀತಿನಿ."

"ನಮ್ಮನೇಗ ಬರಕ್ಕೆ ನಿಂಗೆ ಒಪ್ಗೆಯಾ?"

ರಾಚಮ್ಮ ಅಪ್ಪನ ಕಡೆ ನೋಡಿದಳು.

"ಅಪ್ಪನ ಮುಖ ನೋಡ್ಬ್ಯಾಡ. ನನ್ನ ಮುಖ ನೋಡಿ ಯೋಳು."

"ನಮ್ಮಪ್ಪ ಯೋಳಿದಂಗೆ."

"ಅದ್ನೇ ನಾನೂ ಅಂದಿದ್ದೆ, ಹದಿಮೂರನೇ ವರ್ಷದಲ್ಲಿ," ಅಂದಳು ವೀರಮ್ಮ. ಶಿವರತ್ನಮ್ಮ ಅತ್ತೆಯ ಕಡೆ ತಿರುಗಿದಳು. ಈ ದನಿಯನ್ನು ಅವಳು ಆ ಮನೆಗೆ ಬಂದ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. "ಇನ್ನೊಂದ್ಸಲ ಕೇಳೋರು ಯಾರೂ ಇರ್ನಿಲ್ಲ. ಈಗ ನಾನು ಇನ್ನೊಂದ್ಸಲ ಕೇಳ್ತಾವ್ನಿ. ನಿಂಗೆ ಒಪ್ಗೆಯಾ?"

ರಾಚಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ತಲೆ ಎತ್ತಿ ಶಿವರತ್ನಮ್ಮನನ್ನು ನೋಡಿದಳು.

"ಈ ಅಕ್ಕ ಇರೋ ಮನೇಗ ನಾನ್ಯಾಕ ಬರ್ಲವ್ವ?"

"ಏಯ್!" ಅಂದ ಪುಟ್ಟಬಸಪ್ಪ.

"ಬಯ್ಬ್ಯಾಡ ಕಣಪ್ಪ," ವೀರಮ್ಮ ಕೈ ಅಡ್ಡ ಹಿಡಿದಳು. "ನಾ ಕೇಳ್ದೆ, ಯೋಳುದ್ಲು. ಸಂದಾಗವ್ಳೆ ನಿನ್ ಮಗಳು. ಒಂಟಿ ಗಂಡಿಗೆ ಕೊಡು. ಬೇಕಾದ್ರೆ ನಾನೇ ಒಂದು ಕಡೆ ನೋಡ್ತಿನಿ."

"ಏನಮ್ಮಾ ಇದು, ನೀವೇ ಯೋಳ್ಕಳಿಸಿ, ನೀವೇ ಬಂದು..."

"ನಾನೇ. ತಪ್ಪು ನಂದೇ. ಊಟ ಆಗದಾ ಇಲ್ವಾ? ಹೆಣ್ಣು ಬ್ಯಾಡ ಅಂದ್ರೆ ಊಟವೂ ಇಲ್ವಾ ನಿಮ್ಮೂರಲ್ಲಿ?"

ಪುಟ್ಟಬಸಪ್ಪ ಎಷ್ಟೇ ಮುಖ ಗಂಟು ಹಾಕಿದರೂ ನಗು ತಡೆಯಲಾಗಲಿಲ್ಲ. ಎಲೆ ಹಾಕಿದರು. ಹುಚ್ಚೆಳ್ಳು ಚಟ್ನಿಯನ್ನು ವೀರಮ್ಮ ಎರಡು ಸಲ ಹಾಕಿಸಿಕೊಂಡಳು. ರಾಚಮ್ಮ ಬಡಿಸುವಾಗ ಶಿವರತ್ನಮ್ಮ ಅವಳ ಕೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟಳು.

ಸಾಹೇಬರು ಬಂದು ಹಾರನ್ ಮಾಡಿದಾಗ ಬಿಸಿಲು ವಾಲಿತ್ತು. ಜೀಪು ಊರು ದಾಟಿದ ಮೇಲೆ ವೀರಮ್ಮ ಹೇಳಿದಳು:

"ನಿನ್ ದೊಡ್ಡ ಮಗಳು ಗುರುಸಿದ್ದಿಗೆ ಮನೆ ಅಳೀನ ನೋಡಾನ. ಮನೇಲೇ ಇರ್ತಾನೆ. ಆಯ್ತಲ್ಲ?"

"ಅವಳ್ಗಿನ್ನೂ ಹದಿಮೂರು ಅತ್ತೆಮ್ಮ. ಸ್ಕೂಲು ಮುಗೀಲಿ. ಆಮೇಲೆ ಅವಳನ್ನೇ ಕೇಳಾನ."

"ಬ್ಯಾಡ ಅಂದ್ರೆ?"

"ಬ್ಯಾಡ ಅಂದ್ರೆ ಬ್ಯಾಡ."

"ಆಯ್ತು, ಕೇಳು. ಊರೋರನ್ನೆಲ್ಲ ಕೇಳ್ತಾ ಕೂತ್ಕ," ಅಂದಳು ವೀರಮ್ಮ. ಜೀಪಿನ ಕುಲುಕಾಟಕ್ಕೆ ಸೊಸೆಯ ಭುಜ ಹಿಡಿದುಕೊಂಡು, ಪುಟ್ಟಮಾದಪ್ಪನ ಬೆನ್ನು ತಟ್ಟಿದಳು. "ಲೇ, ಸಾಹೇಬ್ರಿಗೆ ಬೇಗ ಓಡ್ಸಕ್ಕೆ ಯೋಳ್ಲಾ. ಅಲ್ಲಿ ನನ್ ಮಗ ಉಣ್ಣದೆ ಕಾಯ್ತಾವ್ನೆ. ಇನ್ನು ಒಂದೇ ಹೆಂಡ್ತಿ ಬಡಿಸಿದಷ್ಟೇ ಅವನ ಊಟ."